ಮಾತ್ರೆಯೊಳಗೊಂದು ಪಂಪು

ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಕೆಲವು ಔಷಧಗಳ ಹೆಸರಿನ ಪಕ್ಕ ಇಆರ್, ಎಕ್ಸ್‌ಎಲ್, ರಿಟಾರ್ಡ್ ಎಂಬ ಬಾಲವಿರುತ್ತದೆ. ಔಷಧ ಒಮ್ಮೆಲೇ ಕರಗದೆ ನಿಧಾನವಾಗಿ ಹೊರಬರುತ್ತದೆ ಎಂಬುದರ ಸೂಚನೆ ಅದು. ಈ ನಿಧಾನದ ಬೆಲೆ ತಿಳಿಯಲು ನಿಫೆಡಿಪಿನ್ ಕಥೆ ಸಾಕು.

ರಕ್ತನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೋಗದಂತೆ ನಿಫೆಡಿಪಿನ್ ತಡೆಯುತ್ತದೆ. ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. 1970ರ ದಶಕದಲ್ಲಿ ಬಂದ ಇದರ ಕ್ಯಾಪ್ಸೂಲ್ ನುಂಗಿದ ಅರ್ಧ ಗಂಟೆಯಲ್ಲೇ ಕೆಲಸ ತೋರಿಸುತ್ತಿತ್ತು. ಆದರೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ಗಂಟೆಗೆ ಅರ್ಧಕ್ಕಿಳಿಯುವುದರಿಂದ ದಿನಕ್ಕೆ ಮೂರು ಸಲ ನುಂಗಬೇಕಿತ್ತು. ಒತ್ತಡ ದಿಢೀರನೆ ಕುಸಿದಾಗಲೆಲ್ಲ ಅದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿದುಕೊಳ್ಳುತ್ತಿತ್ತು. ಮುಖ ಬಿಸಿಯೇರಿ ತಲೆ ನೋಯುತ್ತಿತ್ತು. ಬಿಪಿ ವಿಪರೀತ ಏರಿದವರಿಗೆ ಈ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯಡಿ ಹಿಂಡುವ ರೂಢಿಯೂ ಇತ್ತು. ಅದರಿಂದ ಪಾರ್ಶ್ವವಾಯು, ಹೃದಯಾಘಾತ ಆದ ವರದಿಗಳು ಬಂದ ಮೇಲೆ, 1990ರ ದಶಕದ ನಡುವಿನಲ್ಲಿ ತಜ್ಞರು ಆ ರೂಢಿ ಬಿಡುವಂತೆ ಎಚ್ಚರಿಸಿದರು.

ಇದೇ ಔಷಧವನ್ನು ದಿನವಿಡೀ ಹದವಾಗಿ ಒದಗಿಸುವ ಮಾತ್ರೆಗೆ ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಕವಚ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಔಷಧವನ್ನು ಹೊರಬಿಡುವುದಿಲ್ಲ. ಒಳಗೆ ಎರಡು ಪದರ: ಒಂದರಲ್ಲಿ ಔಷಧ, ಇನ್ನೊಂದರಲ್ಲಿ ನೀರು ಹೀರಿ ಉಬ್ಬುವ ಪಾಲಿಮರ್. ಔಷಧದ ಕಡೆಯ ಕವಚಕ್ಕೆ ಲೇಸರ್‌ನಿಂದ ಕೊರೆದ ಸಣ್ಣ ತೂತು. ಪಾಲಿಮರ್ ಉಬ್ಬಿ ಒತ್ತಿದಂತೆಲ್ಲ ಔಷಧ ಟೂತ್‌ಪೇಸ್ಟಿನ ಹಾಗೆ ತೂತಿನಿಂದ ಹೊರಬರುತ್ತದೆ, ಹೆಚ್ಚುಕಡಿಮೆ 24 ಗಂಟೆ. ಖಾಲಿ ಕವಚ ಮಲದೊಂದಿಗೆ ಹೋಗುತ್ತದೆ. ಅದನ್ನು ಕಂಡು ಮಾತ್ರೆ ಕರಗಲೇ ಇಲ್ಲವೆಂದು ಹೆದರಬೇಕಿಲ್ಲ.

ಎಲ್ಲ ಮಾತ್ರೆಗೂ ಇಷ್ಟೆಲ್ಲ ಏರ್ಪಾಡು ಬೇಡ. ಅಮ್ಲೋಡಿಪಿನ್ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಹಾಗಾಗಿ ಅದರ ಸಾದಾ ಮಾತ್ರೆಯೇ ದಿನಕ್ಕೊಂದು ಸಾಕು. ಮೆಟೊಪ್ರೊಲಾಲ್ ಬೇಗ ಖಾಲಿಯಾಗುವ ಔಷಧ. ಅದರ ಸಾದಾ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ಹೊತ್ತು, ಎಕ್ಸ್‌ಎಲ್ ಬಗೆಯನ್ನು ಒಂದೇ ಹೊತ್ತು ಕೊಡುತ್ತಾರೆ.

ನುಂಗಲು ಕಷ್ಟಪಡುವ ಹಿರಿಯರಿಗೆ ಮಾತ್ರೆ ಕುಟ್ಟಿ ಕೊಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ನಿಧಾನದ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಹೆಸರಿನ ಮುಂದೆ ಆ ಬಾಲ ಕಂಡರೆ ಕುಟ್ಟಬೇಡಿ, ಅಗಿಯಬೇಡಿ. ಅರ್ಧ ಮಾಡುವ ಮುನ್ನ ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ.