ಮರೆವಿನ ಕಾಯಿಲೆ ಮತ್ತು ಮಾಲೀಕರ ಸಹಿ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಗಾದೆಯೇ ಇಂದು ಅನೇಕ ಕುಟುಂಬಗಳಿಗೆ ಅಪಾಯಕಾರಿಯಾಗಿ ಪರಿಣಮಿಸುತ್ತಿದೆ. ವಯಸ್ಸಾದಂತೆ ಮರೆವು ಸಹಜವೆಂದು ಮನೆಯವರು ಸುಮ್ಮನಾಗುತ್ತಾರೆ; ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಕಾಲ ಮೀರಿರುತ್ತದೆ.

ಘೋಡಗೇರಿ, ಗೋಕಾಕ, ಮೂಡಲಗಿ, ಹುಕ್ಕೇರಿಯಂತಹ ಊರುಗಳಲ್ಲಿ ಬೆಲ್ಲ, ಕಾಳುಕಡಿ, ರಸಗೊಬ್ಬರ, ಬಟ್ಟೆಯ ವ್ಯಾಪಾರಗಳು ಬಹುಮಟ್ಟಿಗೆ ಮನೆತನದ ವ್ಯಾಪಾರಗಳು. ಯಾರಿಗೆ ಎಷ್ಟು ಉದ್ರಿ ಕೊಡಬಹುದು, ಯಾರ ಮಾತು ನಂಬಬಹುದು ಎಂಬ ಲೆಕ್ಕ ಹಿರಿಯರ ತಲೆಯಲ್ಲಿರುತ್ತದೆ. ಚೆಕ್ಕಿನ ಮೇಲಿನ ಸಹಿಯೂ ಅವರದೇ. ಆದ್ದರಿಂದ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇಲ್ಲಿ ಆರೋಗ್ಯದ ಪ್ರಶ್ನೆಯಾಗಿರುವಂತೆಯೇ ವ್ಯವಹಾರದ ಪ್ರಶ್ನೆಯೂ ಆಗಿದೆ.

ಖಾತೆ ಪುಸ್ತಕವೇ ಮೊದಲ ಸಾಕ್ಷಿ

ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜಿಸಿತು. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಮೊದಲು ವಿವರಿಸಿದ ರೋಗವು ಇದರ ಪ್ರಮುಖ ಕಾರಣ. ರಕ್ತದೊತ್ತಡ ಮತ್ತು ಮಧುಮೇಹಗಳಿಂದ ಮಿದುಳಿನ ರಕ್ತನಾಳಗಳು ಹಾಳಾಗುವುದು ಇನ್ನೊಂದು ಕಾರಣ.

ಹಣದ ಲೆಕ್ಕ ತಪ್ಪುವುದು ಈ ಕಾಯಿಲೆಯ ಆರಂಭಿಕ ಲಕ್ಷಣಗಳಲ್ಲೊಂದು. ರೋಗ ಪತ್ತೆಯಾಗುವುದಕ್ಕೆ ಆರು ವರ್ಷ ಮೊದಲಿನಿಂದಲೇ ರೋಗಿಗಳು ಬಿಲ್ಲು ಪಾವತಿಸಲು ತಪ್ಪತೊಡಗಿದ್ದರೆಂದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದೇ ಬಿಲ್ಲಿಗೆ ಎರಡು ಸಲ ಹಣ ಕೊಡುವುದು, ವಸೂಲಾದ ಬಾಕಿಯನ್ನು ಮತ್ತೆ ಕೇಳುವುದು, ನೋಡದೆಯೇ ಬರೆಯಬಲ್ಲವರು ಕಿರ್ದಿಯ ಮುಂದೆ ಗಂಟೆಗಟ್ಟಲೆ ತಡವರಿಸುವುದು — ಇಂತಹವು ಮರುಕಳಿಸುತ್ತಿದ್ದರೆ ದಿವಾಣಜಿ ಮತ್ತು ಮಕ್ಕಳು ಅದನ್ನು ಮುಪ್ಪಿನ ಮೊಂಡುತನವೆಂದು ತಳ್ಳಿಹಾಕಬಾರದು.

ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಮುಂತಾದವುಗಳಿಂದಲೂ ಇದೇ ಬಗೆಯ ಮರೆವು ಬರುತ್ತದೆ. ಚಿಕಿತ್ಸೆಯಿಂದ ಅದು ಬಹಳಷ್ಟು ಸುಧಾರಿಸಬಹುದು. ಬೇಗನೆ ತಪಾಸಣೆ ಮಾಡಿಸುವುದರ ಮೊದಲ ಲಾಭ ಇದೇ.

ಔಷಧ ಎಲ್ಲಿಗೆ ಬಂದಿದೆ?

1996ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದ ಡೊನೆಪೆಝಿಲ್, ನಂತರ ಬಂದ ರಿವಾಸ್ಟಿಗ್ಮಿನ್ ಮತ್ತು ಮೆಮಂಟೈನ್ ಔಷಧಗಳು ನಮ್ಮ ದೇಶದಲ್ಲಿಯೂ ದೊರೆಯುತ್ತವೆ. ಇವು ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುತ್ತವೆ, ರೋಗವನ್ನು ತಡೆಯುವುದಿಲ್ಲ. ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುವ ಲೆಕಾನೆಮ್ಯಾಬ್ 2023ರಲ್ಲಿ, ಡೊನಾನೆಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದವು. ಹದಿನೆಂಟು ತಿಂಗಳ ಪ್ರಯೋಗದಲ್ಲಿ ಲೆಕಾನೆಮ್ಯಾಬ್ ರೋಗದ ಮುನ್ನಡೆಯನ್ನು ಶೇ. 27ರಷ್ಟು ನಿಧಾನಗೊಳಿಸಿತು. ಆದರೆ ಮಿದುಳಿನಲ್ಲಿ ಬಾವು, ರಕ್ತಸ್ರಾವಗಳ ಅಪಾಯವುಂಟು. ಆರಂಭಿಕ ಹಂತದ ಆಲ್ಝೈಮರ್ ರೋಗಿಗಳಿಗೆ ಮಾತ್ರ ಇದು ಅನ್ವಯ. ಹೊಸ ಔಷಧಕ್ಕೂ ರೋಗ ಬೇಗ ಗೊತ್ತಾಗಬೇಕು.

ತಡೆಗಟ್ಟುವಿಕೆಯ ವಿಚಾರದಲ್ಲಿ ವಾರ್ತೆ ಹೆಚ್ಚು ಆಶಾದಾಯಕ. ರಕ್ತದೊತ್ತಡ, ಮಧುಮೇಹ, ಧೂಮಪಾನ, ಕಿವುಡುತನ, ಒಂಟಿತನ ಸೇರಿದಂತೆ 14 ಅಂಶಗಳನ್ನು ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ವರದಿ ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದವರ ದೀರ್ಘಕಾಲೀನ ಅಧ್ಯಯನ ಕೈಗೊಂಡಿದೆ. ಇನ್ನೊಂದು ಸಂಗತಿ ಗಡಿಭಾಗದವರಿಗೆ ಸಂತಸ ತರುವಂಥದು. ಹೈದರಾಬಾದಿನಲ್ಲಿ 648 ರೋಗಿಗಳನ್ನು ಕುರಿತು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ಅಂತರವಿತ್ತು. ಕನ್ನಡ, ಮರಾಠಿ ಎರಡರಲ್ಲಿಯೂ ಗಿರಾಕಿಯನ್ನು ಮಾತನಾಡಿಸುವ ನಮ್ಮ ವರ್ತಕರಿಗೆ ಇದು ಗಮನಾರ್ಹ.

ಮುಖತ್ಯಾರ ಪತ್ರದ ಮಿತಿ

"ಅಪ್ಪಾಜಿ ಮುಖತ್ಯಾರ ಪತ್ರ ಬರೆದುಕೊಟ್ಟಿದ್ದಾರೆ, ಚಿಂತೆಯಿಲ್ಲ" ಎಂದು ಅನೇಕ ಮಕ್ಕಳು ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಮಾನಸಿಕ ಸ್ವಸ್ಥತೆ ಕಳೆದುಕೊಂಡಾಗ ಪ್ರತಿನಿಧಿಯ ಅಧಿಕಾರವೂ ಕೊನೆಗೊಳ್ಳುತ್ತದೆ. ಯಾವಾಗ ಅದು ಅತ್ಯಗತ್ಯವೋ ಆಗಲೇ ಆ ಪತ್ರ ನಿರುಪಯುಕ್ತವಾಗುತ್ತದೆ. ಅದೇ ಕಾಯ್ದೆಯ 11 ಮತ್ತು 12ನೇ ಕಲಮುಗಳಂತೆ, ಸ್ವಸ್ಥಚಿತ್ತರಲ್ಲದಾಗ ಮಾಡಿದ ಕರಾರು ನಿಲ್ಲುವುದಿಲ್ಲ. 1932ರ ಪಾಲುಗಾರಿಕೆ ಕಾಯ್ದೆಯ 44ನೇ ಕಲಮಿನಡಿ, ಪಾಲುದಾರರೊಬ್ಬರ ಅಸ್ವಸ್ಥಚಿತ್ತತೆಯ ಆಧಾರದ ಮೇಲೆ ಸಂಸ್ಥೆಯ ವಿಸರ್ಜನೆಗೆ ನ್ಯಾಯಾಲಯವನ್ನು ಕೋರಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೇಮಿಸುವ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗೆ ಸಂಬಂಧಿಸಿದ್ದು, ಆಸ್ತಿಗಲ್ಲ. ಪಾಲಕತ್ವಕ್ಕಾಗಿ ಕುಟುಂಬಗಳು ಹೈಕೋರ್ಟಿನ ಮೊರೆ ಹೋದ ಉದಾಹರಣೆಗಳಿವೆ.

ಆದ್ದರಿಂದ ಹಿರಿಯರ ಬುದ್ಧಿ ಸ್ಪಷ್ಟವಾಗಿರುವಾಗಲೇ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ:

1. ಬ್ಯಾಂಕ್ ಖಾತೆಗಳನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆಗಳಾಗಿ ಮಾರ್ಪಡಿಸುವುದು. ಎಲ್ಲೆಡೆ ನಾಮನಿರ್ದೇಶನ ಮಾಡಿಸುವುದು.
2. ಪಾಲುಗಾರಿಕೆ ಪತ್ರದಲ್ಲಿ ಪಾಲುದಾರರ ಅಶಕ್ತತೆ, ನಿವೃತ್ತಿ, ಬಂಡವಾಳ ಮರುಪಾವತಿಯ ಷರತ್ತುಗಳನ್ನು ಸೇರಿಸುವುದು.
3. ಮೃತ್ಯುಪತ್ರ ಬರೆದು ನೋಂದಾಯಿಸುವುದು. ಆ ದಿನದ ವೈದ್ಯರ ಪ್ರಮಾಣಪತ್ರವನ್ನು ಜೊತೆಗಿಡುವುದು.
4. ಬಾಯಿಮಾತಿನ ಉದ್ರಿ, ಕೈಗಡ, ಒತ್ತೆಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು.

ಆರೈಕೆ ಮತ್ತು ವೆಚ್ಚ

ಆರೈಕೆಯ ಹೊರೆ ಸಾಮಾನ್ಯವಾಗಿ ಹೆಂಡತಿ ಅಥವಾ ಸೊಸೆಯ ಮೇಲೆ ಬೀಳುತ್ತದೆ. ಅವರ ದುಡಿಮೆ ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದೆ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ 2022ರಲ್ಲಿ ಆರಂಭವಾಯಿತು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಸಮೀಪದ್ದು. ಹಿರಿಯ ನಾಗರಿಕರ ಸಹಾಯವಾಣಿ ಸಂಖ್ಯೆ 14567.

ಶೇ. 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯನ್ನು ತಜ್ಞರು ದೃಢೀಕರಿಸಿದ ಡಿಮೆನ್ಶಿಯಾದ ಚಿಕಿತ್ಸಾ ವೆಚ್ಚಕ್ಕೆ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮು ಹಳೆಯ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ಒದಗಿಸಿತ್ತು. 2018-19ನೇ ಹಣಕಾಸು ವರ್ಷದಿಂದ ಹಿರಿಯ ನಾಗರಿಕರಿಗೆ ಅದರ ಮಿತಿ ರೂ. 1 ಲಕ್ಷ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಲಾದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ವಿವರಪತ್ರ ಸಲ್ಲಿಸುವಾಗ ಅದನ್ನು ಗಮನಿಸಬೇಕು.

ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕ ಪೂಜಿಸುವ ಸಂಪ್ರದಾಯ ನಮ್ಮದು. ಆ ಪೂಜೆಗೆ ಮೊದಲು ಮನೆಯವರೆಲ್ಲ ಹಿರಿಯರೊಡನೆ ಒಂದು ತಾಸು ಕುಳಿತು ಮೇಲಿನ ನಾಲ್ಕು ಕ್ರಮಗಳನ್ನು ಪರಿಶೀಲಿಸಿದರೆ, ಗಳಿಸಿದ ಆಸ್ತಿಗೂ ಗಳಿಸಿದವರ ಗೌರವಕ್ಕೂ ರಕ್ಷಣೆ ದೊರೆತಂತಾಗುತ್ತದೆ.