ಕಾರಿಡಾರಿಗೆ ಬಂದ ಕಂದು ಅತಿಥಿ

ಮಕ್ಕಳೇ, ಮೇ-ಜೂನ್ ಸುಮಾರಿಗೆ ಸಿಂಗಪುರದ ನಮ್ಮ ಬ್ಲಾಕುಗಳ ಕಾರಿಡಾರ್ ದೀಪದ ಬಳಿ, ಗೋಡೆಗೆ ಅಂಟಿದಂತೆ ರೆಕ್ಕೆ ಹರಡಿ ಕುಳಿತ ದೊಡ್ಡ ಕಂದು ಜೀವಿಯೊಂದನ್ನು ನೋಡಿದ್ದೀರಾ? "ಅಯ್ಯೋ, ಬಾವಲಿ!" ಎಂದು ಕೂಗಿ ಪೊರಕೆ ಹಿಡಿದವರಲ್ಲಿ ನಾವೂ ಸೇರಿದ್ದೇವೆ. ಏಟು ಬಿದ್ದ ಮೇಲೆ ಅದನ್ನು ಕಾಗದದ ಮೇಲಿಟ್ಟು ನೋಡಿ ಪಶ್ಚಾತ್ತಾಪಪಟ್ಟೆವು.

ಅದು ಲಿಸ್ಸಾ ಝಾಂಪಾ ಎಂಬ ಪತಂಗ. ರೆಕ್ಕೆ ಬಿಚ್ಚಿದರೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಅಗಲ. ಕಪ್ಪುಗಂದು ಮೈಬಣ್ಣ, ಎರಡೂ ಜೊತೆ ರೆಕ್ಕೆಗಳಿಗೆ ಅಡ್ಡಲಾಗಿ ಬಿಳಿ ಪಟ್ಟಿ, ಹಿಂದಿನ ರೆಕ್ಕೆಗಳ ತುದಿಯಲ್ಲಿ ಬಾಲಗಳು. ನಮ್ಮ ಕೈಗೆ ಅಂಟಿದ ಪುಡಿ ಧೂಳಲ್ಲ, ರೆಕ್ಕೆಯನ್ನು ಹೆಂಚಿನಂತೆ ಮುಚ್ಚಿರುವ ಪುಟ್ಟ ಹುರುಪೆಗಳು.

ಬಾಲ ನೋಡಿ ಬಾಲದ ಚಿಟ್ಟೆಗಳ ಬಂಧು ಎಂದುಕೊಂಡರೆ ತಪ್ಪಾಯಿತು. ಆ ಚಿಟ್ಟೆಗಳು ಪ್ಯಾಪಿಲಿಯೊನಿಡೇ ಕುಟುಂಬದವು, ಇದು ಯುರಾನಿಡೇ ಕುಟುಂಬದ್ದು. ಮೀಸೆ ನೋಡಿದರೂ ಗೊತ್ತಾಗುತ್ತದೆ: ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯಂತೆ ದಪ್ಪ, ಇದರದು ದಾರದಂತೆ ಸಪೂರ.

ಈ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. ಇದೇ ಕುಟುಂಬದಲ್ಲಿ, ಮಡಗಾಸ್ಕರಿನಲ್ಲಿ, ಹಗಲಲ್ಲೇ ಹಾರುವ ಹಸಿರು-ಕೆಂಪು-ನೀಲಿ ಮಿಂಚಿನ ಪತಂಗವೊಂದಿದೆ. 1773ರಲ್ಲಿ ಡ್ರೂ ಡ್ರೂರಿ ಎಂಬ ಇಂಗ್ಲಿಷ್ ಕೀಟಸಂಗ್ರಾಹಕರು ಅದನ್ನು ಚಿಟ್ಟೆಗಳ ಸಾಲಿಗೇ ಸೇರಿಸಿ, ಪ್ಯಾಪಿಲಿಯೊ ಎಂದು ಹೆಸರಿಟ್ಟಿದ್ದರು! ಅಷ್ಟು ಚೆಲುವಿನ ನಂಟರಿರುವಾಗ ನಮ್ಮದು ಸ್ವಲ್ಪ ಸಪ್ಪೆ ಎನ್ನಿಸಬಹುದು. ದೀಪದ ಕೆಳಗೆ ಹತ್ತಿರದಿಂದ ನೋಡಿದ ನಮಗೆ ಹಾಗನ್ನಿಸಲಿಲ್ಲ. ಊಟದಲ್ಲಿ ಮಾತ್ರ ಎರಡಕ್ಕೂ ನಂಟು ಬಿಟ್ಟಿಲ್ಲ. ಎರಡರ ಮರಿಹುಳುಗಳೂ ನಮ್ಮ ಹರಳುಗಿಡದ ಕುಟುಂಬದ ಸಸ್ಯಗಳ ಎಲೆ ತಿನ್ನುತ್ತವೆ. ಲಿಸ್ಸಾ ಮರಿಗೆ ಎಂಡೋಸ್ಪರ್ಮಮ್ ಎಂಬ ಕಾಡುಮರವೇ ಬೇಕು.

ಕೆಲವು ವರ್ಷ ಇವು ಗುಂಪುಗುಂಪಾಗಿ ಬರುತ್ತವೆ. 2014ರ ಮೇ ತಿಂಗಳಲ್ಲಿ ಸಿಂಗಪುರದ ಪತ್ರಿಕೆಗಳಲ್ಲೆಲ್ಲ ಇವುಗಳದೇ ಸುದ್ದಿ. ಗತಿಸಿದ ಹಿರಿಯರು ಪತಂಗವಾಗಿ ಮನೆಗೆ ಬರುತ್ತಾರೆಂದು ನಂಬುವ ಚೀನೀ ಕುಟುಂಬಗಳು ಇಲ್ಲಿವೆ; ಅವರು ಇದಕ್ಕೆ ಕೈಯೆತ್ತುವುದಿಲ್ಲ. ನಂಬಿಕೆ ಹೇಗಾದರೂ ಇರಲಿ, ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಬೆಳಕಿಗೆ ಮರುಳಾಗಿ ದಾರಿ ತಪ್ಪಿರುತ್ತದೆ, ಅಷ್ಟೆ.

ಇನ್ನೊಮ್ಮೆ ಒಂದು ನಮ್ಮ ಹಾಲಿಗೇ ಬಂದು ಕುಳಿತಿತ್ತು. ದೀಪ ಆರಿಸಿ, ಕಿಟಕಿ ತೆರೆದಿಟ್ಟು ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದಾಗ ಗೋಡೆ ಖಾಲಿಯಿತ್ತು.