ಬೆನ್ನು ತಿರುಗಿಸಿ ಕೂತ ಗ್ರೀನ್

ಟೀ ಮೇಲೆ ನಿಂತವರಿಗೆ ಗ್ರೀನಿನ ನೆಲ ಕಾಣುವುದಿಲ್ಲ. ಎದುರಿಗೆ ಒಂದು ಹುಲ್ಲಿನ ದಿಬ್ಬ, ಅದರಾಚೆ ಬಾವುಟದ ತುದಿ, ಅಷ್ಟೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿರುವ ನಾರ್ತ್ ಬೆರಿಕ್‌ನ ಹಳೆಯ ಗಾಲ್ಫ್ ಮೈದಾನದ ಹದಿನೈದನೇ ಹೋಲ್ ಇದು. ದೂರ ಸುಮಾರು 190 ಗಜ, ಪಾರ್ ಮೂರು. ಹೆಸರು ರೆಡಾನ್.

ಮೊದಲ ಸಲ ಬಂದವರು ಬಾವುಟಕ್ಕೇ ನೇರ ಗುರಿಯಿಡುತ್ತಾರೆ. ಚೆಂಡು ಬಂಕರ್ ದಾಟಿ ಗ್ರೀನಿನ ನಟ್ಟನಡುವೆ ಬೀಳುತ್ತದೆ. ಬಿದ್ದಲ್ಲಿ ಮಾತ್ರ ನಿಲ್ಲುವುದಿಲ್ಲ. ಒಂದೆರಡು ಸಲ ಪುಟಿದು, ಉರುಳುತ್ತಾ ಉರುಳುತ್ತಾ ಹಿಂದಿನ ಅಂಚು ದಾಟಿಬಿಡುತ್ತದೆ. ಈ ನೆಲದ ಗುಟ್ಟು ಬಲ್ಲವರ ಗುರಿ ಬೇರೆ: ಬಾವುಟದಿಂದ ಸಾಕಷ್ಟು ಬಲಕ್ಕೆ, ಗ್ರೀನಿನ ಮುಂಬದಿಯ ಎತ್ತರದ ಹೆಗಲಿನ ಮೇಲೆ. ಅಲ್ಲಿ ಇಳಿದ ಚೆಂಡನ್ನು ನೆಲವೇ ಕೈಹಿಡಿದು ಹಿಂದಕ್ಕೆ, ಎಡಕ್ಕೆ ಕರೆದೊಯ್ಯುತ್ತದೆ.

ಸಾಮಾನ್ಯ ಗ್ರೀನ್ ಆಟಗಾರನ ಕಡೆಗೆ ಬಾಗಿಸಿ ಹಿಡಿದ ಮೊರದಂತೆ. ಹಿಂಬದಿ ಎತ್ತರ, ಮುಂಬದಿ ತಗ್ಗು. ಬಂದ ಚೆಂಡಿಗೆ ತಡೆಯೂ ಸಿಗುತ್ತದೆ, ಇಡೀ ನೆಲ ಕಣ್ಣಿಗೂ ಬೀಳುತ್ತದೆ. ರೆಡಾನಿನಲ್ಲಿ ನೆಲದ ವಾಟ ತಿರುವುಮುರುವು, ಮೇಲಾಗಿ ಓರೆ. ಚೆಂಡನ್ನು ಎತ್ತರಕ್ಕೆ ಹೊಡೆದು ಬಿದ್ದಲ್ಲೇ ನಿಲ್ಲಿಸುವವರು ಇದನ್ನು ಅನ್ಯಾಯ ಎನ್ನುತ್ತಾರೆ. ಆ ದೂರು ಒಪ್ಪುವಂಥದ್ದಲ್ಲ. ದಾರಿ ಇಲ್ಲಿದೆ, ಅದು ಗಾಳಿಯಲ್ಲಿಲ್ಲ, ನೆಲದ ಮೇಲಿದೆ.

ಹೆಸರಿನ ಕಥೆ ಕ್ರಿಮಿಯಾ ಯುದ್ಧದ್ದು. ರೆಡಾನ್ ಎಂದರೆ ಶತ್ರುವಿನತ್ತ ಮೂತಿ ಚಾಚಿದ, ಇಂಗ್ಲಿಷಿನ ವಿ ಅಕ್ಷರದಾಕಾರದ ಕೋಟೆಗೋಡೆ. ಸೆವಾಸ್ಟೊಪೋಲ್‌ನಲ್ಲಿ ರಷ್ಯನ್ನರು ಕಟ್ಟಿದ್ದ ಅಂಥ ಕೋಟೆಯ ಮೇಲೆ ಬ್ರಿಟಿಷರು 1855ರ ಜೂನ್‌ನಲ್ಲಿ ಏರಿಹೋಗಿ ಸೋತರು. ಸೆಪ್ಟೆಂಬರ್ 8ರಂದು ಮತ್ತೆ ಏರಿದರು, ಮತ್ತೆ ಸೋತರು. ಅದೇ ದಿನ ಪಕ್ಕದ ಮಲಕೋಫ್ ಕೋಟೆಯನ್ನು ಫ್ರೆಂಚರು ಗೆದ್ದರು. ರಷ್ಯನ್ನರು ಊರಿನ ದಕ್ಷಿಣ ಭಾಗ ತೊರೆದರು. ಆ ಯುದ್ಧದಿಂದ ಮರಳಿದ ಅಧಿಕಾರಿ ಜಾನ್ ವೈಟ್-ಮೆಲ್ವಿಲ್ ಈ ದಿಬ್ಬವನ್ನು ಕಂಡು ಆ ಕೋಟೆಯನ್ನು ನೆನೆದರು, ಹೆಸರು ಹಾಗೆ ಬಂತು ಎನ್ನುವುದು ಅಲ್ಲಿನವರ ಮಾತು. ಎಡ ಮುಂಬದಿಯ ಆಳದ ಬಂಕರಿನಲ್ಲಿ ಇಳಿದು ತಲೆಯೆತ್ತಿದರೆ ಆ ಮಾತು ನಂಬಬೇಕೆನಿಸುತ್ತದೆ. ಮುಂದೆ ಹುಲ್ಲುಗೋಡೆ, ಮೇಲೆ ಆಕಾಶ. ಗ್ರೀನ್ ಇದೆಯೆಂಬ ಸುಳಿವೇ ಇಲ್ಲ.

ಅಮೆರಿಕದ ಗಾಲ್ಫ್ ಮೈದಾನ ವಿನ್ಯಾಸಕ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಈ ಹೋಲಿಗೆ ಮನಸೋತರು. 1911ರಲ್ಲಿ ವಿಧ್ಯುಕ್ತವಾಗಿ ತೆರೆದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ ನಾಲ್ಕನೇ ಹೋಲ್ ಇದರದೇ ಪಡಿಯಚ್ಚು. ಆಮೇಲೆ ಅವರೂ ಶಿಷ್ಯ ಸೆತ್ ರೇನರ್ ಅವರೂ ಹೋದಲ್ಲೆಲ್ಲ ಒಂದೊಂದು ರೆಡಾನ್ ಕಟ್ಟಿದರು.

ನ್ಯಾಷನಲ್‌ನ ನೆರೆಯ ಶಿನೆಕಾಕ್ ಹಿಲ್ಸ್‌ನಲ್ಲೂ ಒಂದಿದೆ, ಏಳನೇ ಹೋಲ್. 2004ರ ಯು.ಎಸ್. ಓಪನ್‌ನ ಕೊನೆಯ ದಿನ ಆ ಗ್ರೀನ್ ಎಷ್ಟು ಒಣಗಿತ್ತೆಂದರೆ ಮೆಲ್ಲನೆ ತಳ್ಳಿದ ಪಟ್ ಕೂಡ ಬಂಕರ್ ಸೇರುತ್ತಿತ್ತು. ಆಟದ ನಡುವೆಯೇ ನೀರು ಹಾಯಿಸಬೇಕಾಯಿತು. ತಪ್ಪು ಇಳಿಜಾರಿನದಲ್ಲ, ವೇಗದ್ದು. ಹುಲ್ಲನ್ನು ಚರ್ಮಕ್ಕಂಟುವಷ್ಟು ಕತ್ತರಿಸಿ, ನೀರು ಬಿಗಿಹಿಡಿದರೆ ಹಳಬರ ಯಾವ ವಾಟವೂ ಉಳಿಯುವುದಿಲ್ಲ.

ಪೆನ್ಸಿಲ್ವೇನಿಯಾದ ಓಕ್‌ಮಾಂಟ್‌ನಲ್ಲಿ ಬೆನ್ನು ತಿರುಗಿಸಿದ ಗ್ರೀನಿನ ಪಾಠ ಮೊದಲ ಹೋಲಿನಲ್ಲೇ ಶುರು. ಹೆನ್ರಿ ಫೌನ್ಸ್ ರೂಪಿಸಿದ ಆ ಮೈದಾನದ ಒಂದನೇ ಗ್ರೀನ್, ಮುಂದೆ ಹತ್ತು, ಹನ್ನೆರಡನೆಯವು ಕೂಡ, ಆಟಗಾರನಿಂದ ಆಚೆಗೇ ಇಳಿಯುತ್ತವೆ. 1935ರ ಯು.ಎಸ್. ಓಪನ್‌ನಲ್ಲಿ ಜೀನ್ ಸಾರಜೆನ್ ಅವರ ಪಟ್ ಒಂದು ಅಲ್ಲಿನ ಗ್ರೀನಿನಿಂದ ಜಾರಿ ಬಂಕರಿಗೆ ಬಿದ್ದದ್ದನ್ನು ನೋಡಿದ ಎಡ್ವರ್ಡ್ ಸ್ಟಿಂಪ್ಸನ್, ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರ್ ತಯಾರಿಸಿದರು. ಒಂದನೇ ಹೋಲಿನಲ್ಲಿ ಇಂದಿಗೂ ಬಲ್ಲವರು ಚೆಂಡನ್ನು ಗ್ರೀನಿಗೆ ಹಲವು ಗಜ ಮೊದಲೇ ಇಳಿಸುತ್ತಾರೆ; ಮಿಕ್ಕ ದಾರಿಯನ್ನು ಅದು ಉರುಳಿಕೊಂಡೇ ಹೋಗಬೇಕು.